ಆಪ್ಟಿಮೈಸೇಷನ್ ಮಾದರಿ ರಚನೆಯಲ್ಲಿ ಡೇಟಾಬೇಸ್ ಮೆಟಾಡೇಟಾ

ಉತ್ಪಾದನೆ, ಸಾಗಣೆ, ದಾಸ್ತಾನು, ಪಾಳಿ ಹಂಚಿಕೆ ಮುಂತಾದ ಸಮಸ್ಯೆಗಳಿಗೆ ಗಣಿತದ ಆಪ್ಟಿಮೈಸೇಷನ್ ಮಾದರಿ ಕಟ್ಟುವಾಗ ಅಂಕಿಅಂಶಗಳ ಜೊತೆಗೆ ಮಾದರಿಯ ಚೌಕಟ್ಟನ್ನೂ ಡೇಟಾಬೇಸಿನಿಂದಲೇ ಪಡೆಯುವ ವಿಧಾನ. ಟೇಬಲ್‌ಗಳ ಹೆಸರು, ಕಾಲಂಗಳ ಬಗೆ, ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ, ಇನ್ನೊಂದು ಟೇಬಲಿನ ಸಾಲನ್ನು ತೋರಿಸುವ ಫಾರಿನ್ ಕೀ, ಮೌಲ್ಯಗಳ ಮೇಲಿನ ಷರತ್ತು ಇವೆಲ್ಲ ಡೇಟಾದ ಬಗೆಗಿನ ಮಾಹಿತಿ. ಇದಕ್ಕೆ ಮೆಟಾಡೇಟಾ ಎಂದು ಹೆಸರು. ಡೇಟಾಬೇಸ್ ವಿನ್ಯಾಸ ಮಾಡಿದವರು ತಮ್ಮ ಸಂಸ್ಥೆಯಲ್ಲಿ ಯಾವುದಕ್ಕೆ ಯಾವುದರ ಸಂಬಂಧ ಎಂಬುದನ್ನು ಆಗಲೇ ಯೋಚಿಸಿ ದಾಖಲಿಸಿರುತ್ತಾರೆ. ಅದನ್ನು ಮಾದರಿಗಾಗಿ ಮೊದಲಿಂದ ಬರೆಯುವ ಬದಲು ಕಂಪ್ಯೂಟರೇ ಓದಿಕೊಳ್ಳಲಿ ಎಂಬುದು ಈ ವಿಧಾನದ ತಳಹದಿ. ಹೀಗೆ ಓದಿದ ಮೆಟಾಡೇಟಾದಿಂದ ಮಾದರಿಯ ಗಣಗಳು, ದತ್ತ ಸಂಖ್ಯೆಗಳು, ನಿರ್ಧಾರ ಚರಗಳು ಸಿಗುತ್ತವೆ. ನಿರ್ಬಂಧಗಳ ಆಕಾರವೂ ಬಹುಮಟ್ಟಿಗೆ ಸಿಗುತ್ತದೆ. ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಹೆಚ್ಚಿಸಬೇಕು ಎಂಬ ಗುರಿ ಮಾತ್ರ ಅಲ್ಲಿ ಇರುವುದಿಲ್ಲ. ಡೇಟಾಬೇಸಿಗೆ ಕೇಳಿದ ಪ್ರಶ್ನೆಯನ್ನು ಬೇಗ ಉತ್ತರಿಸುವಂತೆ ಮಾಡುವ ಕ್ವೆರಿ ಆಪ್ಟಿಮೈಸೇಷನ್ ಬೇರೆಯೇ ವಿಷಯ. ಅದು ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಹಿನ್ನೆಲೆ

ರೇಖೀಯ ಪ್ರೋಗ್ರಾಮಿಂಗ್ ಮತ್ತು ಸಂಬಂಧಾತ್ಮಕ ಡೇಟಾಬೇಸ್ ಎರಡೂ ಟೇಬಲ್‌ಗಳ ಮೇಲೆ ನಿಂತ ವಿದ್ಯೆಗಳಾದರೂ ಬೆಳೆದದ್ದು ಬೇರೆ ಬೇರೆಯಾಗಿ. ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಉತ್ಪಾದನಾ ಯೋಜನೆಯ ಗಣಿತವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಎಫ್. ಎಲ್. ಹಿಚ್‌ಕಾಕ್ 1941ರಲ್ಲಿ ಸಾಗಣೆ ಸಮಸ್ಯೆಯನ್ನು ರೂಪಿಸಿದರೆ, ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದರು. ಅದರ ಮೊದಲ ದೊಡ್ಡ ಪರೀಕ್ಷೆ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಮುಂದಿಟ್ಟಿದ್ದ ಆಹಾರ ಸಮಸ್ಯೆ. 77 ಆಹಾರ ಪದಾರ್ಥ, 9 ಪೋಷಕಾಂಶಗಳ ಆ ಲೆಕ್ಕ ಟೇಬಲಿನ ರೂಪದಲ್ಲೇ ಇತ್ತು. ಮೇಜಿನ ಮೇಲಿಡುವ ಕ್ಯಾಲ್ಕುಲೇಟರುಗಳಲ್ಲಿ ಗುಮಾಸ್ತರು ಅದನ್ನು ಬಿಡಿಸಲು ಸುಮಾರು 120 ಮಾನವ ದಿನಗಳು ಬೇಕಾದವು.

ಕಂಪ್ಯೂಟರ್ ಬಂದ ಮೇಲೆ ಲೆಕ್ಕ ಬಿಡಿಸುವುದು ಸುಲಭವಾಯಿತು. ಲೆಕ್ಕವನ್ನು ಯಂತ್ರಕ್ಕೆ ಒಪ್ಪುವಂತೆ ಬರೆಯುವುದೇ ಕಷ್ಟವಾಯಿತು. ಐಬಿಎಂನಿಂದ ಬಂದು ಎಲ್ಲೆಡೆ ಹರಡಿದ ಎಂಪಿಎಸ್ ಕಡತ ನಮೂನೆಯಲ್ಲಿ ಪ್ರತಿ ನಿರ್ಬಂಧ ಮತ್ತು ಚರಕ್ಕೆ ಎಂಟು ಅಕ್ಷರ ಮೀರದ ಹೆಸರು ಕೊಟ್ಟು, ಸೊನ್ನೆಯಲ್ಲದ ಒಂದೊಂದು ಗುಣಾಂಕವನ್ನೂ ದಾಖಲಿಸಬೇಕಿತ್ತು. ಇದಕ್ಕಾಗಿಯೇ ‘ಮ್ಯಾಟ್ರಿಕ್ಸ್ ಜನರೇಟರ್’ ಎಂಬ ವಿಶೇಷ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದರು. ಬರೆದವರು ಕೆಲಸ ಬಿಟ್ಟರೆ ಅವನ್ನು ತಿದ್ದುವವರು ಸಿಗುತ್ತಿರಲಿಲ್ಲ.

ಇನ್ನೊಂದು ಕವಲು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಹುಟ್ಟಿತು. ಇ. ಎಫ್. ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಪೀಟರ್ ಚೆನ್ 1976ರಲ್ಲಿ ವಸ್ತು ಮತ್ತು ಸಂಬಂಧಗಳ ನಕ್ಷೆಯಿಂದ ಡೇಟಾಬೇಸ್ ವಿನ್ಯಾಸ ಮಾಡುವ ಕ್ರಮ ತೋರಿಸಿದರು. ಕಾಡ್ 1985ರಲ್ಲಿ ಪ್ರಕಟಿಸಿದ ಹನ್ನೆರಡು ನಿಯಮಗಳಲ್ಲಿ ನಾಲ್ಕನೆಯದು ಪ್ರಸ್ತುತ ವಿಷಯಕ್ಕೆ ನೇರವಾಗಿ ಸೇರಿದ್ದು: ಡೇಟಾಬೇಸಿನ ವಿವರಣೆಯೂ ಟೇಬಲ್‌ಗಳ ರೂಪದಲ್ಲೇ ಇರಬೇಕು, ಡೇಟಾವನ್ನು ಕೇಳುವ ಭಾಷೆಯಲ್ಲೇ ಅದನ್ನೂ ಕೇಳಲು ಬರಬೇಕು. ಮೆಟಾಡೇಟಾವನ್ನು ಮನುಷ್ಯರು ಮಾತ್ರ ಓದುವ ಕೈಪಿಡಿಯಿಂದ ಬಿಡಿಸಿ, ಬೇರೆ ಪ್ರೋಗ್ರಾಮುಗಳೂ ಓದಬಲ್ಲ ವಸ್ತುವಾಗಿಸಿದ್ದು ಈ ನಿಯಮ.

ಮೆಟಾಡೇಟಾ ಸಿಗುವ ಜಾಗ

ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನ 1992ರ ಮಾನಕವು ‘ಇನ್ಫರ್ಮೇಷನ್ ಸ್ಕೀಮಾ’ ಎಂಬ ಸಿದ್ಧ ವ್ಯೂಗಳ ಗುಂಪನ್ನು ಗೊತ್ತುಪಡಿಸಿತು. ಯಾವ ಟೇಬಲ್‌ಗಳಿವೆ, ಪ್ರತಿ ಕಾಲಮ್ಮಿನ ಬಗೆ ಯಾವುದು, ಖಾಲಿ ಬಿಡಲು ಅನುಮತಿ ಇದೆಯೇ, ಯಾವ ಕಾಲಂಗಳು ಸೇರಿ ಕೀ ಆಗಿವೆ, ಯಾವ ಫಾರಿನ್ ಕೀ ಯಾವ ಟೇಬಲನ್ನು ತೋರಿಸುತ್ತದೆ, ಯಾವ ‘ಚೆಕ್’ ಷರತ್ತುಗಳಿವೆ ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಸಿಗುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್ ಇದನ್ನು ಒದಗಿಸುತ್ತವೆ. ಒರಾಕಲ್ ತನ್ನದೇ ಡೇಟಾ ಡಿಕ್ಷನರಿಯಲ್ಲೂ ಎಸ್‌ಕ್ಯುಎಲೈಟ್ ತನ್ನ ‘ಪ್ರಾಗ್ಮಾ’ ಆಜ್ಞೆಗಳ ಮೂಲಕವೂ ಇದೇ ಮಾಹಿತಿ ಕೊಡುತ್ತವೆ. ಇವುಗಳ ಆಚೆಗೆ ಕಾಲಮ್ಮಿಗೆ ಅಂಟಿಸಿದ ಟಿಪ್ಪಣಿಗಳು, ಸಂಸ್ಥೆಯ ಡೇಟಾ ಕೈಪಿಡಿ, ಅಳತೆಯ ಮಾನ ಇವೂ ಮೆಟಾಡೇಟಾವೇ. ಆದರೆ ಇವನ್ನು ಬರೆಯಲು ಒಪ್ಪಿತ ಕ್ರಮವಿಲ್ಲದ ಕಾರಣ ಯಂತ್ರ ನೆಚ್ಚಿಕೊಳ್ಳುವಂತಿಲ್ಲ.

ಮೆಟಾಡೇಟಾದಿಂದ ಮಾದರಿಗೆ

ಆಪ್ಟಿಮೈಸೇಷನ್ ಮಾದರಿಗೆ ಐದು ಅಂಗಗಳು: ಗಣಗಳು, ದತ್ತ ಸಂಖ್ಯೆಗಳು, ಚರಗಳು, ನಿರ್ಬಂಧಗಳು, ಗುರಿ ಸೂತ್ರ. ಮೊದಲ ನಾಲ್ಕಕ್ಕೂ ಡೇಟಾಬೇಸಿನಲ್ಲಿ ನೆಲೆಯಿದೆ.

ಒಂದು ವಸ್ತುವಿನ ಟೇಬಲಿನ ಪ್ರೈಮರಿ ಕೀ ಒಂದು ಗಣವಾಗುತ್ತದೆ. ಕೀ ಅಲ್ಲದ, ಅಳತೆ ಹೇಳುವ ಸಂಖ್ಯಾ ಕಾಲಂ ಆ ಗಣದ ಮೇಲಿನ ದತ್ತ ಸಂಖ್ಯೆಯಾಗುತ್ತದೆ. ಎರಡು ಅಥವಾ ಹೆಚ್ಚು ಫಾರಿನ್ ಕೀಗಳು ಸೇರಿ ಪ್ರೈಮರಿ ಕೀ ಆಗಿರುವ ಸಂಬಂಧದ ಟೇಬಲ್ ಜೋಡಿಗಳ ಗಣವನ್ನು ಕೊಡುತ್ತದೆ. ಸಾಮಾನ್ಯವಾಗಿ ನಿರ್ಧಾರ ಚರಗಳು ನಿಲ್ಲುವುದು ಇಲ್ಲೇ. ಫಾರಿನ್ ಕೀ ಎಲ್ಲಿದೆಯೋ ಅಲ್ಲೊಂದು ಮೊತ್ತ ಹುಟ್ಟುತ್ತದೆ, ಏಕೆಂದರೆ ಒಂದೇ ತಾಯಿ ಸಾಲನ್ನು ತೋರಿಸುವ ಮಕ್ಕಳ ಸಾಲುಗಳನ್ನೆಲ್ಲ ಕೂಡುವುದೇ ಹೆಚ್ಚಿನ ನಿರ್ಬಂಧಗಳ ಎಡಬದಿ. ಎಸ್‌ಕ್ಯುಎಲ್‌ನಲ್ಲಿ ‘ಗ್ರೂಪ್ ಬೈ’ ಮಾಡುವ ಕೆಲಸವೂ ಇದೇ. ಕಾಲಂ ಪೂರ್ಣಾಂಕದ ಬಗೆಯದಾದರೆ ಚರವೂ ಪೂರ್ಣಾಂಕ, ಹೌದು–ಅಲ್ಲ ಬಗೆಯದಾದರೆ ಸೊನ್ನೆ–ಒಂದರ ಚರ. ‘ಸೊನ್ನೆಗಿಂತ ಕಡಿಮೆ ಇರಬಾರದು’ ಎಂಬ ಚೆಕ್ ಷರತ್ತು ಚರದ ಕೆಳಮಿತಿಯಾಗುತ್ತದೆ.

ಇನ್ನೂ ತುಂಬದ ಟೇಬಲನ್ನು ನಿರ್ಧಾರವೆಂದು ಪರಿಗಣಿಸಿದರೆ ಕೀಗಳ ಷರತ್ತುಗಳೇ ನಿರ್ಬಂಧಗಳಾಗಿ ಬದಲಾಗುತ್ತವೆ. ಪ್ರತಿ ಅಂಗಡಿಯನ್ನು ಒಂದು ಗೋದಾಮಿಗೆ ಹಚ್ಚುವ ‘ಜೋಡಣೆ’ ಎಂಬ ಟೇಬಲ್ ಇದೆ ಎನ್ನೋಣ. ಅದರಲ್ಲಿ ಅಂಗಡಿಯ ಸಂಖ್ಯೆ ಪ್ರೈಮರಿ ಕೀ, ಗೋದಾಮಿನ ಸಂಖ್ಯೆ ಖಾಲಿ ಬಿಡಬಾರದ ಫಾರಿನ್ ಕೀ. ಮಾದರಿಯಲ್ಲಿ ಪ್ರತಿ ಗೋದಾಮು–ಅಂಗಡಿ ಜೋಡಿಗೂ ಸೊನ್ನೆ–ಒಂದರ ಚರ ಬರುತ್ತದೆ. ಪ್ರತಿ ಅಂಗಡಿಗೂ ಆ ಚರಗಳ ಮೊತ್ತ ಸರಿಯಾಗಿ ಒಂದು ಇರಬೇಕು. ಗೋದಾಮಿನ ಕಾಲಂ ಖಾಲಿ ಇರಬಹುದು ಎಂದಿದ್ದರೆ ‘ಒಂದಕ್ಕಿಂತ ಹೆಚ್ಚಿಲ್ಲ’ ಎಂದಾಗುತ್ತದೆ.

ಉದಾಹರಣೆ: ಪಡಿತರ ಸಾಗಣೆ

ಒಂದು ಕಲ್ಪಿತ ತಾಲ್ಲೂಕಿನ ಡೇಟಾಬೇಸಿನಲ್ಲಿ ಮೂರು ಟೇಬಲ್‌ಗಳಿವೆ. ‘ಗೋದಾಮು’ ಟೇಬಲಿನಲ್ಲಿ ಗೋದಾಮಿನ ಸಂಖ್ಯೆ ಮತ್ತು ದಾಸ್ತಾನು, ‘ಅಂಗಡಿ’ ಟೇಬಲಿನಲ್ಲಿ ನ್ಯಾಯಬೆಲೆ ಅಂಗಡಿಯ ಸಂಖ್ಯೆ ಮತ್ತು ತಿಂಗಳ ಹಂಚಿಕೆ, ‘ದಾರಿ’ ಟೇಬಲಿನಲ್ಲಿ ಗೋದಾಮು, ಅಂಗಡಿ, ಕ್ವಿಂಟಲಿಗೆ ಲಾರಿ ಬಾಡಿಗೆ. ದಾರಿಯ ಪ್ರೈಮರಿ ಕೀ ಎರಡು ಫಾರಿನ್ ಕೀಗಳ ಜೋಡಿ.

ಒಂದನೇ ಗೋದಾಮಿನಲ್ಲಿ 300 ಕ್ವಿಂಟಲ್ ಅಕ್ಕಿ, ಎರಡನೆಯದರಲ್ಲಿ 200. ಅಂಗಡಿ ‘ಅ’ಗೆ 150, ‘ಬ’ಗೆ 180, ‘ಕ’ಗೆ 120 ಕ್ವಿಂಟಲ್ ಬೇಕು. ಒಂದನೇ ಗೋದಾಮಿನಿಂದ ‘ಅ’ಗೆ ಬಾಡಿಗೆ ₹20, ‘ಬ’ಗೆ ₹30, ‘ಕ’ಗೆ ₹55. ಎರಡನೆಯದರಿಂದ ‘ಬ’ಗೆ ₹25, ‘ಕ’ಗೆ ₹40. ಎರಡನೇ ಗೋದಾಮಿನಿಂದ ‘ಅ’ಗೆ ದಾರಿಯಿಲ್ಲ, ಟೇಬಲಿನಲ್ಲಿ ಆ ಸಾಲೇ ಇಲ್ಲ.

ಮೆಟಾಡೇಟಾ ಓದಿದ ಪ್ರೋಗ್ರಾಮು ಮಾದರಿಯನ್ನು ಹೀಗೆ ಕಟ್ಟುತ್ತದೆ. ‘ದಾರಿ’ಯ ಪ್ರತಿ ಸಾಲಿಗೆ ಒಂದರಂತೆ ಐದು ಚರಗಳು, ಗೋದಾಮಿನ ಕಡೆಯ ಫಾರಿನ್ ಕೀಯಿಂದ ‘ಹೊರಟದ್ದರ ಮೊತ್ತ ದಾಸ್ತಾನನ್ನು ಮೀರಬಾರದು’ ಎಂಬ ಎರಡು ನಿರ್ಬಂಧಗಳು, ಅಂಗಡಿಯ ಕಡೆಯದರಿಂದ ‘ಬಂದದ್ದರ ಮೊತ್ತ ಹಂಚಿಕೆಗೆ ಸಮ’ ಎಂಬ ಮೂರು. ದಾಸ್ತಾನು ಮೇಲ್ಮಿತಿ, ಹಂಚಿಕೆ ಪೂರೈಸಲೇಬೇಕಾದ ಪ್ರಮಾಣ ಎಂಬ ಭೇದ ಮಾತ್ರ ಮೆಟಾಡೇಟಾದಲ್ಲಿಲ್ಲ. ಎರಡು ಕಾಲಂಗಳೂ ಬರೇ ಸಂಖ್ಯೆಗಳೇ. ಅದನ್ನೂ, ಒಟ್ಟು ಬಾಡಿಗೆ ಕಡಿಮೆಯಾಗಬೇಕು ಎಂಬ ಗುರಿಯನ್ನೂ ಬಳಸುವವರು ಸೇರಿಸಬೇಕು.

ಅಗ್ಗದ ದಾರಿ ನೋಡಿಕೊಂಡು ‘ಬ’ದ 180 ಕ್ವಿಂಟಲನ್ನೂ ಎರಡನೇ ಗೋದಾಮಿನಿಂದಲೇ ತುಂಬಿದರೆ ‘ಕ’ಗೆ ಅಲ್ಲಿ ಉಳಿಯುವುದು 20 ಕ್ವಿಂಟಲ್, ಮಿಕ್ಕ 100 ಕ್ವಿಂಟಲ್ ₹55ರ ದಾರಿ ಹಿಡಿದು ಒಟ್ಟು ಬಾಡಿಗೆ ₹13,800 ಆಗುತ್ತದೆ. ಲೆಕ್ಕ ಬಿಡಿಸುವ ಪ್ರೋಗ್ರಾಮು, ಅಂದರೆ ಸಾಲ್ವರ್, ಕೊಡುವ ಉತ್ತರ ಬೇರೆ: ‘ಕ’ದ ಪೂರ್ತಿ 120 ಎರಡನೆಯದರಿಂದ, ‘ಬ’ಗೆ ಅಲ್ಲಿಂದ 80 ಮತ್ತು ಒಂದನೆಯದರಿಂದ 100, ‘ಅ’ದ 150 ಒಂದನೆಯದರಿಂದ. ಒಟ್ಟು ₹12,800. ಎರಡನೇ ಗೋದಾಮಿಗೆ ಇನ್ನೊಂದು ಕ್ವಿಂಟಲ್ ಬಂದರೆ ₹5 ಉಳಿತಾಯ ಎಂಬ ನೆರಳು ಬೆಲೆಯೂ ಜೊತೆಗೆ ಸಿಗುತ್ತದೆ. ಆ ನಿರ್ಬಂಧ ಹುಟ್ಟಿದ್ದು ಗೋದಾಮಿನ ಒಂದು ಸಾಲಿನಿಂದಲೇ ಆದ್ದರಿಂದ, ಈ ₹5ನ್ನು ಅದೇ ಕೀ ಹಿಡಿದು ಆ ಸಾಲಿನ ಪಕ್ಕ ಮರಳಿ ಬರೆಯಬಹುದು. ಸಾಗಣೆಯ ಪ್ರಮಾಣಗಳು ‘ದಾರಿ’ಯ ಪಕ್ಕಕ್ಕೆ ಹೋಗುತ್ತವೆ. ಉತ್ತರವೂ ಟೇಬಲ್ ಆಗಿ ಬರುವುದರಿಂದ ಕಚೇರಿಯ ಮಾಮೂಲಿ ವರದಿಗಳಿಗೆ ಅದು ಹಾಗೇ ಒದಗುತ್ತದೆ.

ಇಲ್ಲದ ಸಾಲಿಗೆ ಚರವೂ ಇಲ್ಲ ಎಂಬುದು ದೊಡ್ಡ ಗಾತ್ರದಲ್ಲಿ ಮುಖ್ಯವಾಗುತ್ತದೆ. 100 ಗೋದಾಮು, 10,000 ಅಂಗಡಿ ಇದ್ದರೆ ಎಲ್ಲ ಜೋಡಿಗಳೂ ಸೇರಿ 10 ಲಕ್ಷ. ಪ್ರತಿ ಅಂಗಡಿಗೆ ಮೂರೇ ಗೋದಾಮಿನಿಂದ ದಾರಿಯಿದ್ದರೆ ಬೇಕಾದ ಚರಗಳು 30,000. ಭಾರತದಲ್ಲಿ ಈ ಬಗೆಯ ಲೆಕ್ಕ ಪುಸ್ತಕದಲ್ಲಷ್ಟೇ ಉಳಿದಿಲ್ಲ. ಪಡಿತರ ಸರಬರಾಜಿನ ದಾರಿಗಳನ್ನು ಸುಧಾರಿಸಲು ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿ ಐಐಟಿಯ ಸಹಯೋಗದಲ್ಲಿ ರೂಪುಗೊಂಡ ‘ಅನ್ನ ಚಕ್ರ’ ಎಂಬ ಸಾಧನವನ್ನು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು.

ಮಾದರಿ ಭಾಷೆಗಳು

ಮ್ಯಾಟ್ರಿಕ್ಸ್ ಜನರೇಟರಿನಿಂದ ಬಿಡುಗಡೆ ಸಿಕ್ಕಿದ್ದು ಮಾದರಿ ಭಾಷೆಗಳಿಂದ. 1970ರ ದಶಕದಲ್ಲಿ ವಿಶ್ವಬ್ಯಾಂಕಿನಲ್ಲಿ ಯೋಹಾನೆಸ್ ಬಿಸ್‌ಖಾಪ್ ಮತ್ತು ಅಲೆಕ್ಸಾಂಡರ್ ಮೀರಾಸ್ ಆರಂಭಿಸಿದ ಗ್ಯಾಮ್ಸ್, ಸಂಬಂಧಾತ್ಮಕ ಡೇಟಾಬೇಸ್ ಸಿದ್ಧಾಂತದಿಂದ ವಿಚಾರಗಳನ್ನು ತೆಗೆದುಕೊಂಡಿದೆ. ಬೆಲ್ ಲ್ಯಾಬ್ಸ್‌ನಲ್ಲಿ ರಾಬರ್ಟ್ ಫೋರರ್, ಡೇವಿಡ್ ಗೇ, ಬ್ರಯನ್ ಕರ್ನಿಗನ್ 1985ರಲ್ಲಿ ಆರಂಭಿಸಿದ ಆಂಪಲ್ ಭಾಷೆ ಮಾದರಿ ಮತ್ತು ಡೇಟಾವನ್ನು ಎರಡು ಬೇರೆ ಕಡತಗಳಾಗಿ ಇಟ್ಟಿತು. ಟೇಬಲಿನ ಯಾವ ಕಾಲಂಗಳು ಕೀ, ಯಾವುವು ಮೌಲ್ಯ ಎಂದು ಹೇಳಿ ಡೇಟಾಬೇಸಿನಿಂದ ನೇರವಾಗಿ ಓದುವ ಸೌಲಭ್ಯವೂ ಅದಕ್ಕೆ ಸೇರಿತು. ಪಾಸ್ಕಲ್ ವಾನ್ ಹೆಂಟೆನ್‌ರಿಕ್ ರೂಪಿಸಿದ ಓಪಿಎಲ್‌ನಲ್ಲಿ ‘ಟಪಲ್’ಗಳ ಗಣ ಎಂದರೆ ಟೇಬಲಿನ ಸಾಲುಗಳೇ; ಅದರಲ್ಲಿ ಕೀ ಯಾವುದೆಂದೂ ಸೂಚಿಸಬಹುದು.

ಇವುಗಳಲ್ಲಿ ಡೇಟಾಬೇಸಿನ ಕೊಂಡಿ ಇದ್ದರೂ ಗಣಗಳನ್ನೂ ದತ್ತ ಸಂಖ್ಯೆಗಳನ್ನೂ ಮಾದರಿಯಲ್ಲಿ ಮತ್ತೊಮ್ಮೆ ಘೋಷಿಸುವುದು ತಪ್ಪಲಿಲ್ಲ. ಒಂದೇ ವಿವರಣೆ ಎರಡು ಕಡೆ ಇದ್ದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಳತಾಗುತ್ತದೆ. ಇದನ್ನು ನೀಗಲು ಹಲವರು ಪ್ರಯತ್ನಿಸಿದರು. ಆರ್ಥರ್ ಜೆಫ್ರಿಯನ್ 1987ರಲ್ಲಿ ಮಂಡಿಸಿದ ‘ಸ್ಟ್ರಕ್ಚರ್ಡ್ ಮಾಡೆಲಿಂಗ್’ ಮಾದರಿಯ ಎಲ್ಲ ಅಂಶಗಳನ್ನೂ ಒಂದನ್ನೊಂದು ಅವಲಂಬಿಸಿದ ವ್ಯಾಖ್ಯೆಗಳ ಜಾಲವಾಗಿ ಕಂಡಿತು. ಡೇಟಾಬೇಸ್ ವಿನ್ಯಾಸಕ್ಕೂ ಗಣಿತ ಮಾದರಿಗೂ ಒಂದೇ ನಕ್ಷೆ ಸಾಕು ಎಂಬುದು ಅದರ ಆಶಯ. ಫೋರರ್ 1997ರ ಲೇಖನವೊಂದರಲ್ಲಿ ಗಣಿತ ಮಾದರಿಗಳಿಗೆ ಎಂಥ ಡೇಟಾಬೇಸ್ ರಚನೆಗಳು ಹೊಂದುತ್ತವೆ ಎಂದು ವಿವರವಾಗಿ ಪರಿಶೀಲಿಸಿದರು.

ಉಕ್ಕಿನ ಕಾರ್ಖಾನೆಗಳ ಅನುಭವ

ಈ ವಿಧಾನ ಗಟ್ಟಿಯಾಗಿ ಪರೀಕ್ಷೆಗೊಳಗಾದ ಕ್ಷೇತ್ರಗಳಲ್ಲಿ ಉಕ್ಕು ಉದ್ಯಮ ಒಂದು, ಅದಕ್ಕೆ ಭಾರತದ ನಂಟೂ ಇದೆ. ಟಾಟಾ ಸ್ಟೀಲ್‌ನಲ್ಲಿ ವಿದ್ಯುತ್ ಕೊರತೆಯ ಕಾಲದಲ್ಲಿ ಯಾವ ಘಟಕಕ್ಕೆ ಎಷ್ಟು ವಿದ್ಯುತ್ ಕೊಟ್ಟರೆ ಲಾಭ ಹೆಚ್ಚು ಎಂಬುದನ್ನು ರೇಖೀಯ ಪ್ರೋಗ್ರಾಮಿಂಗ್ ಮೂಲಕ ನಿರ್ಧರಿಸಿದ ಅನುಭವ 1995ರಲ್ಲಿ ‘ಇಂಟರ್‌ಫೇಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲೊಬ್ಬರಾದ ಗೌತಮ್ ದತ್ತ ಮುಂದೆ ಫೋರರ್ ಜೊತೆ ಸೇರಿ ಪ್ರಕ್ರಿಯಾ ಉದ್ಯಮಗಳಿಗೆಲ್ಲ ಒಗ್ಗುವ ಯೋಜನಾ ವ್ಯವಸ್ಥೆಯೊಂದನ್ನು ರೂಪಿಸಿದರು.

ಈ ವ್ಯವಸ್ಥೆಯ ಡೇಟಾಬೇಸಿನಲ್ಲಿ ಮೂಲ ವಸ್ತುಗಳು ಐದೇ: ಸಾಮಗ್ರಿ, ಘಟಕ, ಚಟುವಟಿಕೆ, ಕಾಲಾವಧಿ, ದಾಸ್ತಾನು ಜಾಗ. ಕಬ್ಬಿಣದ ಅದಿರಾಗಲಿ ಉಕ್ಕಿನ ಹಾಳೆಯಾಗಲಿ ‘ಸಾಮಗ್ರಿ’ಯ ಸಾಲು. ಊದುಕುಲುಮೆಯಾಗಲಿ ರೋಲಿಂಗ್ ಮಿಲ್ಲಾಗಲಿ ‘ಘಟಕ’ದ ಸಾಲು. ಸಾಮಗ್ರಿ ಹೊಂದಿಕೆ, ಘಟಕದ ಸಾಮರ್ಥ್ಯ, ದಾಸ್ತಾನಿನ ಮಿತಿ ಎಂಬ ನಿರ್ಬಂಧಗಳ ಬಗೆಗಳು ಟೇಬಲ್‌ಗಳ ಸಂಬಂಧಕ್ಕೆ ಕಟ್ಟಿಕೊಂಡಿರುತ್ತವೆ. ಹೊಸ ಮಿಲ್ ಬಂದರೆ ಸಮೀಕರಣ ತಿದ್ದಬೇಕಿಲ್ಲ, ಸಾಲು ಸೇರಿಸಿದರೆ ಮುಗಿಯಿತು. ಗಣಿತ ತಿಳಿಯದ ಯೋಜನಾಧಿಕಾರಿಯೂ ಮಾದರಿಯನ್ನು ಬದಲಿಸಬಲ್ಲ. ಮೆಟಾಡೇಟಾ ಆಧಾರಿತ ವಿಧಾನಕ್ಕೆ ಕಾರ್ಖಾನೆಗಳಲ್ಲಿ ಬೆಲೆ ಬಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಮಿತಿಗಳು

ಮೊದಲ ಮಿತಿ ಎಸ್‌ಕ್ಯುಎಲ್‌ನದೇ. ‘ಈ ಗೋದಾಮಿನಿಂದ ಹೊರಟದ್ದರ ಮೊತ್ತ ಅದರ ದಾಸ್ತಾನಿಗಿಂತ ಹೆಚ್ಚಿರಬಾರದು’ ಎಂಬುದು ಎರಡು ಟೇಬಲ್‌ಗಳನ್ನು ಮುಟ್ಟುವ ಷರತ್ತು. ಇಂಥದ್ದನ್ನು ಬರೆಯಲು 1992ರ ಮಾನಕದಲ್ಲಿ ‘ಅಸರ್ಷನ್’ ಎಂಬ ಸೌಲಭ್ಯವಿದ್ದರೂ ಪ್ರಮುಖ ಡೇಟಾಬೇಸ್‌ಗಳು ದಶಕಗಳ ಕಾಲ ಅದನ್ನು ಅಳವಡಿಸಲಿಲ್ಲ. ಹಾಗಾಗಿ ಮಾದರಿಗೆ ಅತಿ ಮುಖ್ಯವಾದ ಸಾಮರ್ಥ್ಯದ ನಿರ್ಬಂಧಗಳು ಮೆಟಾಡೇಟಾದಲ್ಲಿ ಬರಹವಾಗಿ ಸಿಗುವುದು ಅಪರೂಪ. ಫಾರಿನ್ ಕೀ ನೋಡಿ ಊಹಿಸಬೇಕು.

ಎರಡನೆಯದು, ಬರೆದ ಷರತ್ತು ಜಾರಿಯಲ್ಲಿದೆ ಎಂದು ನಂಬಲಾಗದು. ಮೈಎಸ್‌ಕ್ಯುಎಲ್‌ನ ಹಳೆಯ ಮೈಐಸ್ಯಾಮ್ ಟೇಬಲ್‌ಗಳಲ್ಲಿ ಫಾರಿನ್ ಕೀ ಬರೆದರೂ ಅದು ಲೆಕ್ಕಕ್ಕಿಲ್ಲ. ಚೆಕ್ ಷರತ್ತುಗಳನ್ನು ಆ ಡೇಟಾಬೇಸ್ ಪಾಲಿಸತೊಡಗಿದ್ದು 2019ರ 8.0.16 ಆವೃತ್ತಿಯಿಂದ. ಎಸ್‌ಕ್ಯುಎಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆಯನ್ನು ನಾವೇ ಚಾಲೂ ಮಾಡಬೇಕು. ವೇಗಕ್ಕಾಗಿ ಕೀಗಳನ್ನು ಘೋಷಿಸದೆ ಬಿಟ್ಟ ಡೇಟಾಬೇಸ್‌ಗಳೂ ಬಹಳ. ಅಂಥಲ್ಲಿ ಡೇಟಾವನ್ನೇ ಸೋಸಿ, ಒಂದು ಕಾಲಮ್ಮಿನ ಮೌಲ್ಯಗಳೆಲ್ಲ ಇನ್ನೊಂದರಲ್ಲಿ ಇವೆಯೇ ಎಂದು ನೋಡಿ ಸಂಬಂಧ ಪತ್ತೆ ಮಾಡುವ ‘ಡೇಟಾ ಪ್ರೊಫೈಲಿಂಗ್’ ನೆರವಾಗುತ್ತದೆ. ಜರ್ಮನಿಯ ಪಾಟ್ಸ್‌ಡ್ಯಾಮಿನ ಹಾಸೊ ಪ್ಲಾಟ್ನರ್ ಸಂಸ್ಥೆಯಲ್ಲಿ ಫೆಲಿಕ್ಸ್ ನೌಮಾನ್ ತಂಡ ಈ ಕ್ಷೇತ್ರದಲ್ಲಿ ಹೆಸರುವಾಸಿ.

ಮೂರನೆಯದು ಅರ್ಥದ್ದು. ಪಿನ್ ಕೋಡ್ ಸಂಖ್ಯೆಯ ಕಾಲಮ್ಮಿನಲ್ಲಿದ್ದರೂ ಕೂಡಿ ಕಳೆಯುವ ವಸ್ತುವಲ್ಲ. ದಾಸ್ತಾನು ಕ್ವಿಂಟಲಿನಲ್ಲಿ, ಹಂಚಿಕೆ ಕಿಲೋದಲ್ಲಿ ಇದ್ದರೆ ಕಾಲಮ್ಮಿನ ಬಗೆ ನೋಡಿ ಅದು ಗೊತ್ತಾಗುವುದಿಲ್ಲ. ಈ ತಿಂಗಳ ಮುಕ್ತಾಯದ ದಾಸ್ತಾನೇ ಮುಂದಿನ ತಿಂಗಳ ಆರಂಭದ ದಾಸ್ತಾನು ಎಂಬ ಕಾಲದ ಕೊಂಡಿಯನ್ನು ಯಾವ ಕೀಯೂ ಹೇಳುವುದಿಲ್ಲ. ಖಾಲಿ ಮೌಲ್ಯದ ವಿಷಯದಲ್ಲಿ ಭಾಷೆಗಳ ನಡೆಯೇ ಬೇರೆ ಬೇರೆ: ಬಾಡಿಗೆ ತುಂಬದ ದಾರಿಯೊಂದಿದ್ದರೆ ಗ್ಯಾಮ್ಸ್ ಅದನ್ನು ಸೊನ್ನೆ ಎಂದೆಣಿಸುತ್ತದೆ, ಆಂಪಲ್ ಬೇರೆ ಸೂಚನೆ ಇಲ್ಲದಿದ್ದರೆ ದೋಷವೆಂದು ನಿಲ್ಲಿಸುತ್ತದೆ. ಸೊನ್ನೆ ಎಂದಾದರೆ ಸಾಲ್ವರ್ ಆ ಪುಕ್ಕಟೆ ದಾರಿಯಲ್ಲೇ ಸಾಧ್ಯವಾದಷ್ಟು ಸರಕು ಕಳಿಸುತ್ತದೆ. ಉತ್ತರ ನೋಡಲು ಅಂದವಾಗಿಯೂ ಇರುವುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕೊನೆಯದು ಉದ್ದೇಶಗಳ ವ್ಯತ್ಯಾಸ. ಡೇಟಾಬೇಸ್ ಕಾಯುವುದು ದಾಖಲೆಯ ಶುದ್ಧಿಯನ್ನು, ಮಾದರಿ ಹುಡುಕುವುದು ಇನ್ನೂ ನಡೆಯದ ಕೆಲಸಕ್ಕೆ ಒಳ್ಳೆಯ ದಾರಿಯನ್ನು. ಒಂದು ಅಂಗಡಿಗೆ ಈವರೆಗೆ ಒಂದೇ ಗೋದಾಮು ಇತ್ತು ಎಂಬ ಕಾರಣಕ್ಕೆ ಯಾರೋ ಬರೆದ ‘ಯುನೀಕ್’ ಷರತ್ತು ಮಾದರಿಗೂ ಇಳಿದರೆ, ಹಳೆಯ ಪದ್ಧತಿಯೇ ನಿರ್ಬಂಧವಾಗಿ ಕೂರುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಬ’ ಅಂಗಡಿಗೆ ಎರಡು ಗೋದಾಮುಗಳಿಂದ ಅಕ್ಕಿ ಕಳಿಸಿದ್ದರಿಂದಲೇ ಬಾಡಿಗೆ ₹12,800ಕ್ಕೆ ಇಳಿಯಿತು ಎಂಬುದನ್ನು ಗಮನಿಸಬೇಕು.

ಇತ್ತೀಚಿನ ಬೆಳವಣಿಗೆ

ಮಾದರಿಯನ್ನು ಡೇಟಾಬೇಸಿನ ಒಳಗೇ ತರುವ ಯತ್ನಗಳು ನಡೆದಿವೆ. ಅಲೆಕ್ಸಾಂಡ್ರಾ ಮೆಲಿಯೊ ಮತ್ತು ಡಾನ್ ಸುಚಿಯು 2012ರಲ್ಲಿ ಮಂಡಿಸಿದ ಟೈರೀಸಿಯಸ್ ಎಂಬ ವ್ಯವಸ್ಥೆ ‘ಇಂಥ ಫಲಿತಾಂಶ ಬರಲು ಡೇಟಾವನ್ನು ಹೇಗೆ ಬದಲಿಸಬೇಕು’ ಎಂಬ ಪ್ರಶ್ನೆಯನ್ನು ಪೂರ್ಣಾಂಕ ಪ್ರೋಗ್ರಾಮಿಂಗಿಗೆ ಇಳಿಸಿತು. ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯದಿಂದ 2016ರಲ್ಲಿ ಬಂದ ಸಾಲ್ವ್‌ಡಿಬಿ, ಪೋಸ್ಟ್‌ಗ್ರೆಸ್‌ಗೆ ಆಪ್ಟಿಮೈಸೇಷನ್ ಪ್ರಶ್ನೆ ಕೇಳುವ ಶಕ್ತಿ ಕೊಟ್ಟಿತು. ಪೈಥಾನ್ ಬಳಸುವವರಿಗೆ ಟಿಕ್‌ಡ್ಯಾಟ್‌ನಂಥ ಲೈಬ್ರರಿಗಳಿವೆ. ಇವುಗಳಲ್ಲಿ ಮಾದರಿಗೆ ಬರುವ ಟೇಬಲ್‌ಗಳ ಕೀ, ಬಗೆ, ಮಿತಿಗಳನ್ನು ಮೊದಲೇ ಘೋಷಿಸಿ, ಸಾಲ್ವರಿಗೆ ಕಳಿಸುವ ಮುನ್ನ ತಪ್ಪು ಸಾಲುಗಳನ್ನು ಹೆಕ್ಕಬಹುದು.

ಮಾತಿನಲ್ಲಿ ಹೇಳಿದ ಸಮಸ್ಯೆಯನ್ನು ಗಣಿತಕ್ಕೆ ಇಳಿಸುವ ಕೆಲಸಕ್ಕೆ ಭಾಷಾ ಮಾದರಿಗಳೂ ಬಂದಿವೆ; 2022ರ ನ್ಯೂರಿಪ್ಸ್ ಸಮ್ಮೇಳನದ ಎನ್‌ಎಲ್‌ಫಾರ್‌ಆಪ್ಟ್ ಸ್ಪರ್ಧೆ ಇದನ್ನೇ ಗುರಿಯಾಗಿಸಿಕೊಂಡಿತ್ತು. ಸ್ಪರ್ಧೆಯ ಲೆಕ್ಕಗಳಲ್ಲಿ ಸಂಖ್ಯೆಗಳು ಪ್ರಶ್ನೆಯ ವಾಕ್ಯದಲ್ಲೇ ಇರುತ್ತವೆ. ಕಚೇರಿಯ ಲೆಕ್ಕದಲ್ಲಿ ಅವು ನೂರಾರು ಟೇಬಲ್‌ಗಳಲ್ಲಿ ಹರಡಿರುತ್ತವೆ. ಅಲ್ಲಿ ಭಾಷಾ ಮಾದರಿಗೂ ಮೊದಲು ಬೇಕಾಗುವುದು ಸ್ಕೀಮಾ, ಅಂದರೆ ಟೇಬಲ್‌ಗಳ ವಿನ್ಯಾಸದ ವಿವರಣೆ. ಭಾಷಾ ಮಾದರಿ ಬರೆದ ನಿರ್ಬಂಧದಲ್ಲಿನ ಹೆಸರು ಡೇಟಾಬೇಸಿನಲ್ಲಿ ನಿಜಕ್ಕೂ ಇದೆಯೇ, ಮೊತ್ತ ಹಾಕಿದ ಜಾಗದಲ್ಲಿ ಫಾರಿನ್ ಕೀ ಇದೆಯೇ ಎಂದು ಯಾಂತ್ರಿಕವಾಗಿ ತಾಳೆ ನೋಡಲೂ ಮೆಟಾಡೇಟಾವೇ ಆಧಾರ. ಮಾದರಿಯನ್ನು ಮನುಷ್ಯರೇ ಬರೆಯಲಿ, ಯಂತ್ರವೇ ಬರೆಯಲಿ, ಕೀಗಳನ್ನು ಸರಿಯಾಗಿ ಘೋಷಿಸಿ, ಅಳತೆಯ ಮಾನವನ್ನು ಕಾಲಮ್ಮಿನ ಜೊತೆಗೇ ಬರೆದಿಟ್ಟ ಡೇಟಾಬೇಸಿನಲ್ಲಿ ಈ ಕೆಲಸದ ಅರ್ಧ ಭಾಗ ಮೊದಲೇ ಆಗಿರುತ್ತದೆ.